ಓದದೆ ಇಟ್ಟ ಸಹಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಮನೆಯ ಕಷ್ಟ ಗೃಹಪ್ರವೇಶದೊಂದಿಗೆ ಮುಗಿಯುತ್ತದೆಂದು ನಾನು ನಂಬಿದ್ದೆ. ಅದು ಗೃಹಪ್ರವೇಶವಾದ ಮೇಲೂ ಕಂತುಗಳ ರೂಪದಲ್ಲಿ ಮನೆಯೊಳಗೆ ಬಂದು ಕುಳಿತಿರುತ್ತದೆಂಬುದು ಅರವತ್ತು ದಾಟಿದ ಮೇಲೆ ತಿಳಿಯಿತು. ಈ ಬರೆಹವು ಒಂದು ಬಗೆಯಲ್ಲಿ ತಪ್ಪೊಪ್ಪಿಗೆ. ಇನ್ನೊಂದು ಬಗೆಯಲ್ಲಿ, ಸಾಲ ಮಾಡಿ ಮನೆ ಕಟ್ಟಲು ಹೊರಟಿರುವ ಗೃಹಸ್ಥರಿಗೆ ಹಿರಿಯನೊಬ್ಬನ ನಿವೇದನೆ.

ನಾನು ಹತ್ತನೆಯ ವಯಸ್ಸಿನಲ್ಲಿ ಮಠದ ಪ್ರಸಾದನಿಲಯಕ್ಕೆ ಸೇರಿದವನು. ಅಲ್ಲಿ ಕನ್ನಡ, ಸಂಸ್ಕೃತಗಳ ಪಾಠ ಒಂದು ಕಡೆಗಾದರೆ, ಹಿರಿಯ ಶಾಸ್ತ್ರಿಗಳ ಕೈಕೆಳಗೆ ತಾಳೆಯೋಲೆಗಳನ್ನು ಬಿಚ್ಚಿ ಓದುವ ಅಭ್ಯಾಸ ಇನ್ನೊಂದು ಕಡೆಗೆ. ಓಲೆಯಲ್ಲಿ ಪದಗಳ ನಡುವೆ ಬಿಡುವಿರುವುದಿಲ್ಲ. ಲಿಪಿಕಾರನು ಒಂದು ಅಕ್ಷರ ತಪ್ಪಿದರೆ ಸಾಲಿನ ಅರ್ಥವೇ ತಲೆಕೆಳಗಾಗುತ್ತದೆ. ಒಂದು ಕೃತಿಗೆ ಎರಡು ಪ್ರತಿಗಳು ದೊರೆತು, ಅವೆರಡರ ಪಾಠ ಬೇರೆಯಾದಾಗ ಯಾವುದು ಮೊದಲಿನದು, ಯಾವುದು ನಕಲು ಮಾಡುವಾಗ ಕೆಟ್ಟದ್ದು ಎಂದು ನಿರ್ಣಯಿಸಲು ದಿನಗಟ್ಟಲೆ ಕುಳಿತದ್ದುಂಟು. ಮುಂದೆ ಕಾಲೇಜಿನ ಅಧ್ಯಾಪಕನಾಗಿ ನಿವೃತ್ತನಾಗುವವರೆಗೂ ಅದೇ ನನ್ನ ಕಾಯಕವಾಗಿತ್ತು. ಓದದೆ ಯಾವುದನ್ನೂ ಒಪ್ಪಬಾರದೆಂದು ಶಿಷ್ಯರಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಅಂಥ ನಾನು ನನ್ನ ಬಾಳಿನ ಅತಿ ದೊಡ್ಡ ಕರಾರುಪತ್ರವನ್ನು ಓದದೆ ಸಹಿ ಮಾಡಿದೆ.

2021ರಲ್ಲಿ ಧಾರವಾಡದ ನಮ್ಮ ನಿವೇಶನದಲ್ಲಿ ಮನೆ ಕಟ್ಟುವುದೆಂದು ನಿಶ್ಚಯಿಸಿದೆವು. ನನ್ನ ನಿವೃತ್ತಿಯ ಹಣ ಗೋಡೆಯವರೆಗೆ ಸಾಕಾಯಿತು, ಮೇಲ್ಛಾವಣಿಗೆ ಸಾಲಲಿಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗ ಮತ್ತು ನಾನು ಜಂಟಿಯಾಗಿ ಬ್ಯಾಂಕೊಂದರಲ್ಲಿ 20 ಲಕ್ಷ ರೂಪಾಯಿ ಗೃಹಸಾಲ ಪಡೆದೆವು. ಅವಧಿ 15 ವರ್ಷ, ತಿಂಗಳ ಕಂತು 17,977 ರೂಪಾಯಿ. ನಿವೇಶನದ ಮೂಲ ಹಕ್ಕುಪತ್ರಗಳು ಅಡಮಾನವಾಗಿ ಬ್ಯಾಂಕಿನ ತಿಜೋರಿ ಸೇರಿದವು.

ಸಾಲದ ವ್ಯವಹಾರವನ್ನು ನೋಡಿಕೊಂಡ ಅಧಿಕಾರಿ ನನ್ನ ಹಳೆಯ ವಿದ್ಯಾರ್ಥಿ. ಸಮೀಪದ ಊರಿನವನು, ನಮ್ಮ ಬಂಧುಗಳ ಪೈಕಿಯವನೂ ಹೌದು. ಮನೆಗೆ ಬಂದು ಚಹ ಕುಡಿಯುತ್ತ, "ಬಡ್ಡಿ ಶೇಕಡಾ ಏಳು, ಗುರುಗಳ. ಐದು ವರ್ಷ ಒಂದು ಪೈಸಾ ಏರೂದಿಲ್ರಿ. ಆಮ್ಯಾಲೆ ಸುದ್ದಾ ಬ್ಯಾರೆಯವರಿಗಿಂತ ಅರ್ಧ ಪರ್ಸೆಂಟ್ ಕಡಿಮಿ ಮಾಡಿಸಿ ಕೊಡತೀನಿ" ಎಂದು ಹೇಳಿದ. ಮಂಜೂರಾತಿ ಪತ್ರ ಬಂದಾಗ ಅದನ್ನೊಮ್ಮೆ ನೋಡಿ ಕಡತದಲ್ಲಿರಿಸಿದೆ. ಕರಾರಿನ ದಿನ ಅವನು 46 ಪುಟಗಳ ಕಟ್ಟನ್ನು ಮುಂದಿಟ್ಟು, ಸಹಿ ಮಾಡಬೇಕಾದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿಕೊಟ್ಟ. ಹಿಂದೆ ಸಾಲಿನಲ್ಲಿ ಜನ ಕಾಯುತ್ತಿದ್ದರು. "ಓದಬೇಕೇನು?" ಎಂದು ಕೇಳಿದೆ. "ನಾ ಇದ್ದೀನಲ್ರಿ" ಎಂದ. ಶಿಷ್ಯನ ಮುಂದೆ ಕುಳಿತು ಅವನು ಕೊಟ್ಟ ಕಾಗದವನ್ನು ಓದುವುದು ಅವನನ್ನು ಸಂಶಯಿಸಿದಂತಾಗುತ್ತದೆಂಬ ಸಂಕೋಚ ನನಗೆ. ಪ್ರತಿ ಪುಟಕ್ಕೂ ಅಂದವಾಗಿ ಸಹಿ ಹಾಕಿ ಎದ್ದು ಬಂದೆ.

ಎರಡೂವರೆ ವರ್ಷ ಕಳೆಯಿತು. ಕಂತಿನ ಮೊತ್ತ ಒಂದು ರೂಪಾಯಿಯೂ ಬದಲಾಗಿರಲಿಲ್ಲವಾದ್ದರಿಂದ ಎಲ್ಲವೂ ಸರಿಯಾಗಿದೆಯೆಂದೇ ತಿಳಿದಿದ್ದೆವು. 2024ರ ಏಪ್ರಿಲಿನಲ್ಲಿ ಮಗನು ಆದಾಯ ತೆರಿಗೆಯ ಸಲುವಾಗಿ ಬಡ್ಡಿಯ ಪ್ರಮಾಣಪತ್ರವನ್ನು ತರಿಸಿದ. ಬಡ್ಡಿಯ ಅಂಕಿ ಹಿಂದಿನ ವರ್ಷಕ್ಕಿಂತ ಕಡಿಮೆಯಾಗಬೇಕಾಗಿದ್ದುದು ಹೆಚ್ಚಾಗಿತ್ತು. ಸಾಲದ ಪೂರ್ಣ ಲೆಕ್ಕವನ್ನು ತರಿಸಿ ನೋಡಿದಾಗ ನಮಗೆ ದಿಗಿಲಾಯಿತು.

2023ರ ಸೆಪ್ಟೆಂಬರಿನಿಂದ ಬಡ್ಡಿದರ ಶೇಕಡಾ 7ರಿಂದ 9.5ಕ್ಕೆ ಏರಿತ್ತು. ಕಂತು ಏರಲಿಲ್ಲ ನಿಜ. ಆದರೆ ಆ ಕಂತಿನ ಒಡಲು ಬದಲಾಗಿತ್ತು. ಎರಡು ವರ್ಷ ಕಟ್ಟಿದ ಮೇಲೆ ಉಳಿದ ಅಸಲು ಸುಮಾರು 18 ಲಕ್ಷ 38 ಸಾವಿರ. ಶೇಕಡಾ 7ರ ಲೆಕ್ಕದಲ್ಲಿ ಮುಂದಿನ ಕಂತಿನಲ್ಲಿ 10,722 ರೂಪಾಯಿ ಬಡ್ಡಿಗೆ, 7,255 ರೂಪಾಯಿ ಅಸಲಿಗೆ ಹೋಗಬೇಕಾಗಿತ್ತು. ದರ ಏರಿದ್ದರಿಂದ 14,551 ರೂಪಾಯಿ ಬಡ್ಡಿಗೇ ಹೋಗಿ, ಅಸಲಿಗೆ ಉಳಿದದ್ದು 3,426 ಮಾತ್ರ. ಇದರ ಫಲವಾಗಿ 156 ತಿಂಗಳಲ್ಲಿ ತೀರಬೇಕಾಗಿದ್ದ ಸಾಲ 211 ತಿಂಗಳಿಗೆ ಹಿಗ್ಗಿತ್ತು. ನಾಲ್ಕೂವರೆ ವರ್ಷಕ್ಕೂ ಮಿಕ್ಕಿದ ಕಂತುಗಳು ನಮಗರಿವಿಲ್ಲದೆ ಸೇರಿದ್ದವು. ಹಣದ ಲೆಕ್ಕದಲ್ಲಿ ಅದು ಒಂಬತ್ತು ಲಕ್ಷಕ್ಕೂ ಹೆಚ್ಚು. ಏರಿದ ಬಡ್ಡಿ ಕಂತಿನಲ್ಲಿ ಕಾಣಿಸಿಕೊಳ್ಳದೆ ಅವಧಿಯಲ್ಲಿ ಅಡಗಿಕೊಳ್ಳುತ್ತದೆಂಬ ಮಾತನ್ನು ಗೃಹಸಾಲ ಮಾಡಿದ ಪ್ರತಿಯೊಬ್ಬರೂ ನೆನಪಿನಲ್ಲಿಡಬೇಕು.

ಮಗನು ನನ್ನನ್ನು ಗದರಲಿಲ್ಲ. "ಅಪ್ಪಾ, ನೀವು ಓದೀರಿ ಅಂತ ತಿಳಿದು ನಾನೂ ಸಹಿ ಮಾಡಿದೆ" ಎಂದಷ್ಟೇ ಫೋನಿನಲ್ಲಿ ಹೇಳಿದ. ಬ್ಯಾಂಕು ಮಾಡಿದ್ದಕ್ಕಿಂತ ಆ ಒಂದು ಮಾತು ನನ್ನನ್ನು ಹೆಚ್ಚು ನೋಯಿಸಿತು. ಅವನು ಮೂವತ್ತು ದಾಟಿದ ಸಂಸಾರಸ್ಥ. ಅವನ ದುಡಿಮೆಯ ನಾಲ್ಕೂವರೆ ವರ್ಷವನ್ನು ನನ್ನ ಸಂಕೋಚಕ್ಕಾಗಿ ಅಡವಿಟ್ಟಂತಾಗಿತ್ತು. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ನಿದ್ರೆಯಿಲ್ಲದ ಆ ಹೊತ್ತಿನಲ್ಲಿ ನಮ್ಮ ತಂದೆಯವರು ನೆನಪಾದರು. 1972ರ ಬರಗಾಲದಲ್ಲಿ ಅವರು ಊರಿನ ಸಾವಕಾರರೊಬ್ಬರಲ್ಲಿ ಎರಡೆಕರೆ ಹೊಲವನ್ನು ಅಡವಿಟ್ಟಿದ್ದರು. ಮಳೆಯಾಗುವವರೆಗೆ ಬಡ್ಡಿ ಏರಿಸುವುದಿಲ್ಲವೆಂದು ಸಾವಕಾರರು ಬಾಯಿಮಾತಿನಲ್ಲಿ ಹೇಳಿದ್ದರು, ಹಾಗೆಯೇ ನಡೆದುಕೊಂಡರು. ಅವರು ಸಜ್ಜನರಾಗಿದ್ದರೆಂಬುದು ದಿಟ. ಅದರ ಜೊತೆಗೆ ಇನ್ನೊಂದು ಕಾರಣವೂ ಇತ್ತೆಂದು ಈಗ ತೋರುತ್ತದೆ. ಆಡಿದವರೂ ಕೇಳಿದವರೂ ಅದೇ ಊರಿನಲ್ಲಿ ಬಾಳಬೇಕು, ಅದೇ ಜಾತ್ರೆಯಲ್ಲಿ ಎದುರುಬದುರಾಗಬೇಕು. ಆಡಿದ ಮಾತಿಗೆ ಇಡೀ ಊರೇ ಸಾಕ್ಷಿಯಾಗಿ ನಿಂತಿರುತ್ತಿತ್ತು. ಇಂದು ಮಾತು ಕೊಡುವವನು ಒಬ್ಬ, ಕಾಗದ ಬರೆಯುವವನು ಇನ್ನೆಲ್ಲೋ ಇರುವ ಕಚೇರಿಯವನು, ಲೆಕ್ಕ ಹಾಕುವುದು ಯಂತ್ರ. ನನಗೆ ಮಾತು ಕೊಟ್ಟ ಶಿಷ್ಯನಿಗೆ ಆ ವೇಳೆಗಾಗಲೇ ದೂರದ ಊರಿಗೆ ವರ್ಗವಾಗಿತ್ತು. ಹಳೆಯ ಊರಿನ ವಿಶ್ವಾಸವನ್ನು ಹೊಸ ಕಾಲದ ಕಚೇರಿಗೆ ಹೊತ್ತೊಯ್ದದ್ದೇ ನನ್ನ ಅವಿವೇಕ.

ಮರುದಿನ ಸಿಟ್ಟಿನಿಂದಲೇ ಶಾಖೆಗೆ ಹೋದೆ. ಅಲ್ಲಿ ವ್ಯವಸ್ಥಾಪಕಿಯಾಗಿದ್ದವರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ಕುರ್ಚಿ ಹಾಕಿಸಿ, ನೀರು ಕೊಟ್ಟು, ಕಡತ ತೆಗೆಸಿದರು. ಕರಾರಿನ 23ನೆಯ ಪುಟದಲ್ಲಿ ಸ್ಥಿರ ಬಡ್ಡಿದರದ ಅವಧಿ 24 ತಿಂಗಳು, ಅನಂತರ ರೆಪೊ ದರದ ಮೇಲೆ ಶೇಕಡಾ 3 ಎಂದಿತ್ತು. ಅಡಿಯಲ್ಲಿ ನನ್ನ ಸಹಿ. ರಿಸರ್ವ್ ಬ್ಯಾಂಕು ಇತರ ಬ್ಯಾಂಕುಗಳಿಗೆ ಅಲ್ಪಾವಧಿಗೆ ಹಣ ಕೊಡುವ ದರವೇ ರೆಪೊ ದರ. ನಾವು ಸಾಲ ಮಾಡಿದಾಗ ಅದು ಶೇಕಡಾ 4 ಇತ್ತು. 2022ರ ಮೇ ತಿಂಗಳಿನಿಂದ ಏರುತ್ತ ಹೋಗಿ 2023ರ ಫೆಬ್ರವರಿಯಲ್ಲಿ 6.5 ಆಗಿತ್ತು. ನಾಲ್ಕಕ್ಕೆ ಮೂರು ಕೂಡಿದರೆ ಏಳು, ಆರೂವರೆಗೆ ಮೂರು ಕೂಡಿದರೆ ಒಂಬತ್ತೂವರೆ. ಲೆಕ್ಕದಲ್ಲಿ ತಪ್ಪಿರಲಿಲ್ಲ. "ಅವರು ಐದು ವರ್ಷ ಅಂದಿದ್ದರು" ಎಂದೆ. "ಇರಬಹುದು ಸರ್. ಆದರ ಬರೆದದ್ದು ಹಿಂಗದ ನೋಡ್ರಿ" ಎಂದು ಅವರು ಮೆಲ್ಲಗೆ ಹೇಳಿದರು. ಉತ್ತರ ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಕರಾರಿನ ಪ್ರತಿಯೊಂದನ್ನು ಬೇಡಿ ಪಡೆದುಕೊಂಡು ಮನೆಗೆ ಬಂದೆ. ಲಗತ್ತುಗಳ ಸಮೇತ ಅದರ ಪ್ರತಿಯನ್ನು ಸಾಲಗಾರನಿಗೆ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮವೇ ಆಗಿದೆ. ಸಹಿ ಮಾಡಿದ ದಿನ ನಾನು ಕೇಳಿರಲಿಲ್ಲ, ಅವರೂ ಕೊಟ್ಟಿರಲಿಲ್ಲ.

ಆ ಸಂಜೆ ಕನ್ನಡಕ ಒರೆಸಿಕೊಂಡು 46 ಪುಟಗಳನ್ನೂ ಮೊದಲಿನಿಂದ ಓದತೊಡಗಿದೆ. ಇಂಗ್ಲಿಷು ತೊಡಕಿನದು, ಅಕ್ಷರಗಳು ಎಳ್ಳಿನಷ್ಟು. ಆದರೂ ಓಲೆಯ ಪ್ರತಿ ಓದಿದವನಿಗೆ ಇದೇನು ಮಹಾ ಎಂದುಕೊಂಡೆ. ಮೂರನೆಯ ದಿನ ಕಡತದಲ್ಲಿದ್ದ ಮಂಜೂರಾತಿ ಪತ್ರವನ್ನು ತೆಗೆದು ಪಕ್ಕದಲ್ಲಿಟ್ಟುಕೊಂಡೆ. ಅದರಲ್ಲಿ ಸ್ಪಷ್ಟವಾಗಿ "60 ತಿಂಗಳು ಸ್ಥಿರ" ಎಂದಿತ್ತು! ಒಂದೇ ಸಾಲ, ಎರಡು ಪ್ರತಿಗಳು, ಎರಡು ಪಾಠಗಳು. ನನ್ನ ಹಳೆಯ ಕಾಯಕ ಅಲ್ಲಿ ನೆರವಿಗೆ ಬಂದಿತು. ಮಂಜೂರಾತಿ ಪತ್ರ ಮೊದಲಿನದು, ನಮ್ಮ ಹೆಸರಿಗೇ ಬರೆದದ್ದು. ಕರಾರು ಎಲ್ಲರಿಗೂ ಒಂದೇ ಅಚ್ಚಿನ ನಮೂನೆ, ಬಿಟ್ಟ ಜಾಗಗಳನ್ನು ಆಮೇಲೆ ತುಂಬಿದ್ದು. ಮತ್ತೆ ಹುಡುಕಿದಾಗ 39ನೆಯ ಪುಟದಲ್ಲಿ ಒಂದು ವಾಕ್ಯ ಸಿಕ್ಕಿತು: ಮಂಜೂರಾತಿ ಪತ್ರವು ಈ ಕರಾರಿನ ಅವಿಭಾಜ್ಯ ಅಂಗವೆಂದು ಭಾವಿಸತಕ್ಕದ್ದು. ನಾನು ಓದದೆ ಸಹಿ ಮಾಡಿದ ಕಾಗದವೇ ನನಗೆ ಆಸರೆಯಾಗಿ ನಿಂತಿತು.

ಬ್ಯಾಂಕಿನ ಕುಂದುಕೊರತೆ ವಿಭಾಗಕ್ಕೆ ಅರ್ಜಿ ಬರೆಯಲು ಕುಳಿತೆ. ಏಳು ಪುಟವಾಯಿತು. ಸತ್ಯ, ವಚನಭ್ರಷ್ಟತೆ, ಕಾಲದ ಕೇಡು ಎಲ್ಲವೂ ಅದರಲ್ಲಿ ಬಂದಿದ್ದವು. ನಮ್ಮ ಮನೆಯವರಿಗೆ ಓದಿ ಹೇಳಿದೆ. "ಇದು ಪ್ರವಚನ ಆತು, ಅರ್ಜಿ ಆಗಲಿಲ್ಲ" ಎಂದರು. ಅವರ ಮಾತು ಸರಿಯಾಗಿತ್ತು. ಹರಿದುಹಾಕಿ ಒಂದೂವರೆ ಪುಟದಲ್ಲಿ ಮತ್ತೆ ಬರೆದೆ. ಮೊದಲು ಸಾಲದ ಸಂಖ್ಯೆ, ದಿನಾಂಕ. ಬಳಿಕ ಎರಡು ಕಾಗದಗಳ ಪಾಠಭೇದವನ್ನು ಅಕ್ಕಪಕ್ಕದಲ್ಲಿ ತೋರಿಸುವ ಪಟ್ಟಿ. ಕೊನೆಯಲ್ಲಿ ಮೂರು ಬೇಡಿಕೆಗಳು: 2026ರ ಆಗಸ್ಟಿನವರೆಗೆ ಶೇಕಡಾ 7ರ ದರವನ್ನೇ ಉಳಿಸಬೇಕು, ಹೆಚ್ಚಾಗಿ ಪಡೆದ ಬಡ್ಡಿಯನ್ನು ಅಸಲಿಗೆ ಜಮೆ ಮಾಡಬೇಕು, ಹೊಸ ಕಂತುಪಟ್ಟಿಯನ್ನು ಬರೆಹದಲ್ಲಿ ಕೊಡಬೇಕು. ಮೂಲ ಕಾಗದಗಳನ್ನು ಮನೆಯಲ್ಲಿಟ್ಟುಕೊಂಡು ನಕಲುಗಳನ್ನು ಮಾತ್ರ ಲಗತ್ತಿಸಿ, ಸ್ವೀಕೃತಿ ಬರುವಂತೆ ನೋಂದಾಯಿತ ಅಂಚೆಯಲ್ಲಿ ಕಳಿಸಿದೆ. ಯಾರ ಹೆಸರನ್ನೂ ಬರೆಯಲಿಲ್ಲ.

24ನೆಯ ದಿನ ಉತ್ತರ ಬಂದಿತು. ಕರಾರಿನಂತೆಯೇ ದರ ವಿಧಿಸಲಾಗಿದೆ ಎಂಬ ಎರಡು ಸಾಲು. ಮಂಜೂರಾತಿ ಪತ್ರದ ಮಾತೇ ಅದರಲ್ಲಿರಲಿಲ್ಲ. ಇಲ್ಲಿಗೆ ಬಹುಜನರು ಕೈಚೆಲ್ಲುತ್ತಾರೆ, ಇಲ್ಲವೆ ವಕೀಲರ ಮನೆಗೆ ಓಡುತ್ತಾರೆ. ರಿಸರ್ವ್ ಬ್ಯಾಂಕು 2021ರ ನವೆಂಬರ್ 12ರಿಂದ ಜಾರಿಗೆ ತಂದ ಸಮಗ್ರ ಒಂಬುಡ್ಸ್‌ಮನ್ ಯೋಜನೆಯ ಬಗೆಗೆ ನಿವೃತ್ತ ಮಿತ್ರರೊಬ್ಬರು ತಿಳಿಸಿದರು. ಮೊದಲು ಬ್ಯಾಂಕಿಗೆ ಬರೆಹದಲ್ಲಿ ದೂರು ಕೊಟ್ಟಿರಬೇಕು. ಬ್ಯಾಂಕು ಅದನ್ನು ತಿರಸ್ಕರಿಸಿದರೆ, ಸಮಾಧಾನಕರವಲ್ಲದ ಉತ್ತರ ಕೊಟ್ಟರೆ, ಅಥವಾ 30 ದಿನ ಕಳೆದರೂ ಉತ್ತರಿಸದಿದ್ದರೆ ಆಗ ಒಂದು ವರ್ಷದೊಳಗೆ ಅಲ್ಲಿಗೆ ಹೋಗಬಹುದಾಗಿತ್ತು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಗಣಕಯಂತ್ರದ ಮೂಲಕವೂ ಅಂಚೆಯ ಮೂಲಕವೂ ದೂರು ಸಲ್ಲಿಸಬಹುದು. ಸಾಲ ಕೊಟ್ಟವರು ಬ್ಯಾಂಕಾಗಿರದೆ ಗೃಹಹಣಕಾಸು ಕಂಪನಿಯಾಗಿದ್ದರೆ ಆಗ ದೂರು ರಾಷ್ಟ್ರೀಯ ವಸತಿ ಬ್ಯಾಂಕಿಗೆ ಹೋಗುತ್ತಿತ್ತು. ಎರಡನ್ನೂ ಒಂದೆಂದು ತಿಳಿದು ತಿಂಗಳುಗಟ್ಟಲೆ ತಪ್ಪು ಬಾಗಿಲು ತಟ್ಟಿದವರನ್ನು ನಾನು ಬಲ್ಲೆ.

ನಮ್ಮ ದೂರಿಗೆ ಇನ್ನೊಂದು ಅಂಶವನ್ನು ಸೇರಿಸಿದೆ. 2023ರ ಆಗಸ್ಟ್ 18ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯ ಪ್ರಕಾರ, ಬದಲಾಗುವ ದರದ ಸಾಲದಲ್ಲಿ ದರ ಏರಿದಾಗ ಕಂತನ್ನು ಏರಿಸಬೇಕೋ ಅವಧಿಯನ್ನು ಹೆಚ್ಚಿಸಬೇಕೋ ಎಂಬ ಆಯ್ಕೆ ಸಾಲಗಾರನಿಗಿರಬೇಕು. ಪ್ರತಿ ಮೂರು ತಿಂಗಳಿಗೊಮ್ಮೆ ಉಳಿದ ಕಂತುಗಳ ಸಂಖ್ಯೆ, ವಾರ್ಷಿಕ ದರ, ಅಸಲು-ಬಡ್ಡಿಗಳ ವಿವರ ಅವನಿಗೆ ದೊರೆಯಬೇಕು. ಹಳೆಯ ಸಾಲಗಳಿಗೂ ಇದನ್ನು ಆ ವರ್ಷದ ಡಿಸೆಂಬರ್ 31ರೊಳಗೆ ಅನ್ವಯಿಸಬೇಕಾಗಿತ್ತು. ನಮಗೆ ಅಂಥ ಒಂದು ಕಾಗದವೂ ಬಂದಿರಲಿಲ್ಲ.

ದೂರು ಸಲ್ಲಿಸಿ ಕೆಲವು ವಾರಗಳಾದ ಮೇಲೆ ಒಂದು ರಾತ್ರಿ ಶಿಷ್ಯನ ಫೋನು ಬಂದಿತು. ಬ್ಯಾಂಕು ಅವನಿಂದ ವಿವರಣೆ ಕೇಳಿತ್ತು. ಅವನ ದನಿ ನಡುಗುತ್ತಿತ್ತು. ನಮ್ಮ ಸಾಲ ಮಂಜೂರಾದಾಗ ಐದು ವರ್ಷದ ಯೋಜನೆಯೇ ಇತ್ತಂತೆ. ಕರಾರು ಸಿದ್ಧವಾಗುವ ಹೊತ್ತಿಗೆ ಅದನ್ನು ನಿಲ್ಲಿಸಿ ಎರಡು ವರ್ಷದ ಯೋಜನೆ ತಂದಿದ್ದರಂತೆ. ನಮೂನೆ ಬದಲಾದದ್ದನ್ನು ಅವನು ಗಮನಿಸಿರಲಿಲ್ಲ. "ನಾನೂ ಓದಲಿಲ್ರಿ, ಗುರುಗಳ" ಎಂದ.

ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಮೇಜಿನ ಆ ಬದಿಯಲ್ಲಿ ಅವನು, ಈ ಬದಿಯಲ್ಲಿ ನಾನು. ಒಬ್ಬರನ್ನೊಬ್ಬರು ನಂಬಿ ಇಬ್ಬರೂ ಓದಲಿಲ್ಲ. ಅರ್ಧ ಪರ್ಸೆಂಟಿನ ಮಾತನ್ನು ಆಡಿದ್ದು ನಿಜವೆಂದು ಬೇಕಾದರೆ ಬರೆದುಕೊಡುತ್ತೇನೆ ಎಂದೂ ಹೇಳಿದ. ಬರೆಸಿಕೊಂಡಿದ್ದರೆ ನಮಗೆ ಲಾಭವಾಗುತ್ತಿತ್ತೋ ಇಲ್ಲವೋ, ಅವನ ನೌಕರಿಗೆ ಕುತ್ತು ಬರುತ್ತಿತ್ತೆಂಬುದರಲ್ಲಿ ಸಂದೇಹವಿರಲಿಲ್ಲ. ಅವನಿಗೂ ಎರಡು ಮಕ್ಕಳಿದ್ದಾರೆ. ಬೇಡವೆಂದೆ. ಮಗನನ್ನು ಕೇಳಿಯೇ ಬೇಡವೆಂದೆ. ಈ ಸಲ ಅವನ ಹಣದ ವಿಷಯದಲ್ಲಿ ನಾನೊಬ್ಬನೇ ತೀರ್ಮಾನಿಸಲಿಲ್ಲ.

2024ರ ನವೆಂಬರಿನಲ್ಲಿ ಬ್ಯಾಂಕೇ ರಾಜಿಯ ಪತ್ರ ಕಳಿಸಿತು. ಮಂಜೂರಾತಿ ಪತ್ರದಂತೆ 60 ತಿಂಗಳ ಸ್ಥಿರದರವನ್ನು ಒಪ್ಪಿ, ಹದಿನೈದು ಕಂತುಗಳಲ್ಲಿ ಹೆಚ್ಚಾಗಿ ಪಡೆದ ಸುಮಾರು 59 ಸಾವಿರ ರೂಪಾಯಿಯನ್ನು ಅಸಲಿಗೆ ಜಮೆ ಮಾಡಿ, ಅವಧಿಯನ್ನು ಹಿಂದಿನಂತೆ ಸರಿಪಡಿಸಿತು. ಐದು ವರ್ಷಗಳ ಬಳಿಕ ದರ ರೆಪೊವನ್ನು ಅನುಸರಿಸಿಯೇ ಇರುತ್ತದೆಂದೂ ಅದರಲ್ಲಿ ಬರೆದಿತ್ತು. ಒಂಬುಡ್ಸ್‌ಮನ್ ಕಚೇರಿಗೆ ನಮ್ಮ ಒಪ್ಪಿಗೆ ತಿಳಿಸಿದೆವು. ಬಾಯಿಮಾತಿನಲ್ಲಿ ಸಿಕ್ಕಿದ್ದ ಅರ್ಧ ಪರ್ಸೆಂಟು ಬಾಯಿಮಾತಾಗಿಯೇ ಉಳಿಯಿತು. ಆ ನಷ್ಟವನ್ನು ನನ್ನ ಸಂಕೋಚಕ್ಕೆ ತೆತ್ತ ದಂಡವೆಂದು ಭಾವಿಸಿದ್ದೇನೆ. ರಾಜಿಪತ್ರಕ್ಕೆ ಸಹಿ ಮಾಡುವ ಮುನ್ನ ಅದನ್ನು ಮೂರು ಸಲ ಓದಿದೆ. ಮಗನೂ ಬೆಂಗಳೂರಿನಲ್ಲಿ ಬೇರೆಯಾಗಿ ಓದಿದ. ಆಮೇಲೆ ಇಬ್ಬರೂ ಸಹಿ ಮಾಡಿದೆವು.

ಮನೆ ಕಟ್ಟುವ ಗೃಹಸ್ಥರಲ್ಲಿ ನನ್ನ ಅರಿಕೆ ಇಷ್ಟೇ. ಮಾತು ಕೊಟ್ಟವರು ನಮ್ಮವರೇ ಆಗಿರಲಿ, ಆ ಮಾತು ಕಾಗದದ ಮೇಲೆ ಬಂದಿದೆಯೇ ಎಂದು ನೋಡಿರಿ. ಮಂಜೂರಾತಿ ಪತ್ರವನ್ನೂ ಕರಾರನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸಿರಿ. ವರ್ಷಕ್ಕೊಮ್ಮೆಯಾದರೂ ಉಳಿದ ಕಂತುಗಳ ಸಂಖ್ಯೆಯನ್ನು ಎಣಿಸಿರಿ. ದರ ಏರುವಾಗ ಮಾತ್ರವಲ್ಲ, ಇಳಿಯುವಾಗಲೂ ಎಚ್ಚರವಿರಲಿ. 2025ರ ಫೆಬ್ರವರಿಯಿಂದ ಡಿಸೆಂಬರಿನವರೆಗೆ ರೆಪೊ ದರ 6.5ರಿಂದ 5.25ಕ್ಕೆ ಇಳಿಯಿತು. ರೆಪೊವಿಗೆ ಹೊಂದಿಸಿದ ಸಾಲವುಳ್ಳವರು ತಮ್ಮ ಲೆಕ್ಕದಲ್ಲಿಯೂ ಅದು ಇಳಿದಿದೆಯೇ ಎಂದು ನೋಡಿಕೊಳ್ಳಬೇಕು. ಸಾಲ ತೀರಿದ 30 ದಿನಗಳೊಳಗೆ ಮೂಲ ಹಕ್ಕುಪತ್ರಗಳು ಕೈಸೇರಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಬಂದಿದೆ.

ಇನ್ನೊಂದು ನಿಯಮ ನನ್ನಂಥ ಕನ್ನಡದ ಮೇಷ್ಟ್ರಿಗೆ ವಿಶೇಷ ಸಂತೋಷ ತಂದಿತು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಸಾಲಗಳಿಗೆ ಬಡ್ಡಿ, ವೆಚ್ಚ, ಕಂತುಗಳ ಸಾರವನ್ನೆಲ್ಲ ಒಂದೆಡೆ ಕೂಡಿಸಿದ ಮುಖ್ಯಾಂಶ ಪತ್ರವನ್ನು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿಯೇ ಕೊಟ್ಟು, ಅದನ್ನು ವಿವರಿಸಿ ಹೇಳಬೇಕು. ಅದನ್ನು ಓದಿ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವೂ ಇರಬೇಕು. ಕನ್ನಡದಲ್ಲಿ ಕೊಡಿರೆಂದು ಕೇಳುವುದಕ್ಕೆ ಯಾರೂ ನಾಚಬೇಕಾಗಿಲ್ಲ. ಕೇಳಿ ಪಡೆದ ಮೇಲೆ ಓದದಿದ್ದರೆ ಆ ತಪ್ಪು ಮಾತ್ರ ನಮ್ಮದೇ.

ಓದಿ ಸಹಿ ಮಾಡುವುದನ್ನು ಅವಿಶ್ವಾಸವೆಂದು ನಾನು ಬಹುಕಾಲ ಭಾವಿಸಿದ್ದೆ. ಅಂದು ನಾನು ಹತ್ತು ನಿಮಿಷ ಕುಳಿತು 23ನೆಯ ಪುಟ ಓದಿದ್ದರೆ ನನ್ನ ಶಿಷ್ಯನ ಕಣ್ಣಿಗೂ ತಪ್ಪು ಬೀಳುತ್ತಿತ್ತು. ಅವನ ಮಾತೂ ಉಳಿಯುತ್ತಿತ್ತು, ನನ್ನ ಮಾನವೂ ಉಳಿಯುತ್ತಿತ್ತು. ಕಳೆದ ದೀಪಾವಳಿಗೆ ಅವನು ಹೆಂಡತಿ ಮಕ್ಕಳೊಂದಿಗೆ ನಮ್ಮ ಮನೆಗೆ ಬಂದಿದ್ದ. ತಮ್ಮನಿಗಾಗಿ ತೆಗೆಯಬೇಕೆಂದಿದ್ದ ಸಾಲದ ಕಾಗದಗಳನ್ನು ಚೀಲದಿಂದ ತೆಗೆದು, "ಗುರುಗಳ, ಸಹಿ ಮಾಡೂಕಿಂತ ಮೊದಲ ನಿಮ್ಮ ಕಣ್ಣಾಗ ಒಮ್ಮೆ ಹಾಯಿಸ್ರಿ" ಎಂದ. ಊಟಕ್ಕೆ ತಡವಾಗುತ್ತದೆಂದು ಮನೆಯವರು ಒಳಗಿನಿಂದ ಕರೆಯುತ್ತಿದ್ದರೂ ಇಬ್ಬರೂ ಪಡಸಾಲೆಯಲ್ಲಿ ಕುಳಿತು ಮೊದಲ ಪುಟದಿಂದ ಓದತೊಡಗಿದೆವು.